ಗೇಮ್ ಪರೀಕ್ಷೆಗೆ ಹಳ್ಳಿಗೆ ಬನ್ನಿ, ಕೂಲಿ ಕೊಟ್ಟು ಆಡಿಸಿ

ಬೆಂಗಳೂರಿನಲ್ಲಿ ಇಬ್ಬರು ಮೂವರು ಸೇರಿ ಮೊಬೈಲ್ ಗೇಮ್ ಮಾಡುವ ಸಣ್ಣ ತಂಡಗಳಿವೆ. ಗೇಮ್ ಬಿಡುಗಡೆಗೆ ಮುಂಚೆ ಹೊರಗಿನವರ ಕೈಗೆ ಕೊಟ್ಟು ಆಡಿಸಿ ನೋಡಬೇಕು. ಇದಕ್ಕೆ ಬೀಟಾ ಟೆಸ್ಟಿಂಗ್ ಅಂತಾರೆ. ದೊಡ್ಡ ಕಂಪನಿಗಳು ಇದಕ್ಕೆಂದೇ ಜನ ಇಟ್ಟುಕೊಂಡಿರುತ್ತವೆ. ಸಣ್ಣವರ ಹತ್ತಿರ ಅಷ್ಟು ದುಡ್ಡಿಲ್ಲ. ಅವರಿಗೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಪರೀಕ್ಷೆ ಸಿಗುವ ಜಾಗ ನಮ್ಮ ಹಳ್ಳಿಗಳು ಅನ್ನುವುದು ನಮ್ಮ ವಾದ. ಕಡಿಮೆ ಖರ್ಚು ಅಂದೆವು, ಪುಕ್ಕಟೆ ಅಂದಿಲ್ಲ.

ಈಗ ನಡೆಯುತ್ತಿರುವುದನ್ನು ನೋಡಿ. 2023ರ ನವೆಂಬರ್ 13ರ ನಂತರ ಗೂಗಲ್ ಪ್ಲೇನಲ್ಲಿ ವೈಯಕ್ತಿಕ ಡೆವಲಪರ್ ಖಾತೆ ತೆರೆದವರು, ಆ್ಯಪ್ ಬಿಡುವ ಮೊದಲು 20 ಜನರನ್ನು 14 ದಿನ ಸತತವಾಗಿ ಪರೀಕ್ಷೆಯಲ್ಲಿ ಇಟ್ಟುಕೊಳ್ಳಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು 12ಕ್ಕೆ ಇಳಿಸಿದರು. ಆ ಹನ್ನೆರಡು ಜನ ಸಿಗದೆ ಕೆಲವರು ದುಡ್ಡು ಕೊಟ್ಟು ಬರೀ ಹೆಸರು ಕೊಳ್ಳುತ್ತಾರೆ. ಗೇಮ್ ಫೋನಿಗೆ ಇಳಿಯುತ್ತದೆ, ಯಾರೂ ತೆರೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಇದೆ, ಆಳು ಹೊಲಕ್ಕೇ ಬಂದಿಲ್ಲ!

ಅದರ ಬದಲು ನಮ್ಮೂರಿಗೆ ಬಂದರೆ ಏನು ಸಿಗುತ್ತದೆ? ಮೂರು ಜಿಬಿ ರ‍್ಯಾಮ್‌ನ, ಗಾಜು ಬಿರುಕು ಬಿಟ್ಟ, ಫೋಟೊ ವಿಡಿಯೊ ತುಂಬಿ ಜಾಗವೇ ಇಲ್ಲದ ಫೋನು. ಒಂದೇ ಕಡ್ಡಿ ನೆಟ್‌ವರ್ಕ್. ಬಸ್ ಸ್ಟ್ಯಾಂಡಿನ ಬಿಸಿಲಿನಲ್ಲಿ ಕಪ್ಪಗೆ ಕಾಣುವ ಸ್ಕ್ರೀನು. ಆಟದ ಮಧ್ಯೆ ಅಪ್ಪನ ಫೋನ್ ಬಂದು, ವಾಪಸ್ ಹೋದರೆ ಮತ್ತೆ ಮೊದಲಿಂದ ಶುರು. ಬೆಂಗಳೂರಿನ ಎಸಿ ರೂಮಿನಲ್ಲಿ ಕೂತರೆ ಇವು ಗೊತ್ತಾಗುವುದಿಲ್ಲ.

ತುಂಬಾ ಜನ ಬೇಕಿಲ್ಲ. ಬಳಕೆಗೆ ಸುಲಭವೋ ಇಲ್ಲವೋ ಎಂದು ಪರೀಕ್ಷಿಸುವುದರಲ್ಲಿ ಹೆಸರಾದ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ: 15 ಜನರನ್ನು ಒಮ್ಮೆಗೇ ಕೂರಿಸುವ ಬದಲು ಐದೈದು ಜನರಂತೆ ಮೂರು ಸಲ ಮಾಡಿ, ಪ್ರತಿ ಸಲವೂ ಸಿಕ್ಕ ತಪ್ಪು ಸರಿಪಡಿಸಿ ಮುಂದೆ ಹೋಗಿ ಅಂತ. ಐದು ಜನ ಐದು ಬೇರೆ ಬೇರೆ ಫೋನ್ ತಂದರೆ ಇನ್ನೂ ಒಳ್ಳೆಯದು. ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿಕೊಂಡರೆ ಕೂರಲು ಜಾಗ ಸಿಗಬಹುದು. ಗೇಮ್ ಮಾಡಿದವರು ಪಕ್ಕದಲ್ಲಿ ಸುಮ್ಮನೆ ಕೂರಬೇಕು, ಹೇಳಿಕೊಡಬಾರದು. ಬೆರಳು ಎಲ್ಲಿ ನಿಂತಿತು, ಎಲ್ಲಿ ಬೇಜಾರಾಗಿ ಫೋನ್ ಕೆಳಗಿಟ್ಟರು, ಅದನ್ನು ಬರೆದುಕೊಂಡರೆ ಸಾಕು. "ಹೇಗಿದೆ?" ಅಂತ ಕೇಳಿ ಪ್ರಯೋಜನವಿಲ್ಲ, ನಮ್ಮ ಹುಡುಗರು "ಚೆನ್ನಾಗಿದೆ ಸರ್" ಅಂದುಬಿಡುತ್ತಾರೆ.

ಅರ್ಧ ದಿನಕ್ಕೆ ತಲಾ 300 ರೂಪಾಯಿ ಅಂದರೂ ಐವರಿಗೆ 1,500. ಡೇಟಾ ರೀಚಾರ್ಜ್, ಚಹಾ ಬೇರೆ. ಇದು ದೊಡ್ಡ ಮೊತ್ತವಲ್ಲ. "ಹೊಸ ಗೇಮ್ ಮೊದಲು ಆಡುವ ಅವಕಾಶ" ಅಂತ ಹೇಳಿ ಪುಕ್ಕಟೆ ದುಡಿಸಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಕಳೆ ಕೀಳಲು ಕರೆದರೆ ಕೂಲಿ ಕೇಳುತ್ತೇವೆ, ಇದಕ್ಕೂ ಕೇಳಿ.

ಇನ್ನೊಂದು ಎಚ್ಚರಿಕೆ. ಪ್ಲೇ ಸ್ಟೋರ್ ಪರೀಕ್ಷೆಗೆ ಸೇರಿಸಲು ನಿಮ್ಮ ಜಿಮೇಲ್ ವಿಳಾಸ ಸಾಕು. ಪಾಸ್‌ವರ್ಡ್, ಒಟಿಪಿ, ಡಿಪಾಸಿಟ್ ಕೇಳಿದರೆ ಅದು ಮೋಸ. ದುಡ್ಡು ಕಟ್ಟಿ ಆಡುವ ಗೇಮ್ ಆದರೆ ಹತ್ತಿರ ಹೋಗಬೇಡಿ, 2025ರ ಕೇಂದ್ರ ಕಾನೂನು ಅಂಥವನ್ನು ನಿಷೇಧಿಸಿದೆ.

ಪರೀಕ್ಷೆಯ ಗೇಮ್ ಬಗ್ಗೆ ನೀವು ಪ್ಲೇ ಸ್ಟೋರ್‌ನಲ್ಲಿ ಕಳಿಸುವ ಅಭಿಪ್ರಾಯ ಅದನ್ನು ಮಾಡಿದವರಿಗೆ ಮಾತ್ರ ಕಾಣುತ್ತದೆ, ಊರಿಗೆಲ್ಲ ಅಲ್ಲ. ಹಾಗಾಗಿ ಸಂಕೋಚ ಬೇಡ. ಫೋನ್ ಬಿಸಿಯಾಯ್ತು, ಇಂಗ್ಲಿಷ್ ಅರ್ಥವಾಗಲಿಲ್ಲ, ಎರಡನೇ ಹಂತಕ್ಕೇ ಬೇಜಾರಾಯ್ತು ಅಂತ ಇದ್ದದ್ದು ಇದ್ದಹಾಗೆ ಬರೆಯಿರಿ, ಕನ್ನಡದಲ್ಲೇ.