ಇದು ಯಾವುದರ ಚಿತ್ರ?

ಅಮೂರ್ತ ಚಿತ್ರವೊಂದರ ಎದುರು ನಿಂತ ವಿದ್ಯಾವಂತನ ಬಾಯಿಂದ ಮೊದಲು ಹೊರಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇದು ಯಾವುದರ ಚಿತ್ರ?’ ಉತ್ತರ ದೊರೆಯದಿದ್ದಾಗ ಆತ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾನೆ. ಧೈರ್ಯವಂತನಾದರೆ, ಇದು ಬರಿಯ ಮೋಸ, ನಮ್ಮ ಮನೆಯ ಹುಡುಗನೂ ಇಷ್ಟನ್ನು ಗೀಚಬಲ್ಲನೆಂದು ನಕ್ಕು ಮುಂದೆ ಸಾಗುತ್ತಾನೆ. ಸಂಕೋಚದವನಾದರೆ, ತನಗೆ ನಿಲುಕದ ಘನವಾದ ಅರ್ಥವೇನೋ ಇದರಲ್ಲಿರಬೇಕೆಂದು ತಲೆದೂಗಿ, ಅಷ್ಟೇ ಬೇಗ ಮುಂದೆ ಸಾಗುತ್ತಾನೆ. ನಕ್ಕವನಾಗಲಿ ತಲೆದೂಗಿದವನಾಗಲಿ ಚಿತ್ರವನ್ನು ಮಾತ್ರ ನೋಡಲಿಲ್ಲ. ಇಬ್ಬರೂ ಹುಡುಕಿದ್ದು ಚಿತ್ರದ ಹಿಂದೆ ಅಡಗಿರಬಹುದಾದ ಬೇರೊಂದು ವಸ್ತುವನ್ನು. ಎದುರಿಗಿದ್ದ ಬಣ್ಣ, ಗೆರೆ, ಅವಕಾಶಗಳು ಇಬ್ಬರಿಗೂ ಅಡ್ಡವಾದ ತೆರೆಗಳಾದುವೇ ಹೊರತು ನೋಟದ ವಿಷಯವಾಗಲಿಲ್ಲ.

ಗಂಗಾವಳಿ ಕಡಲನ್ನು ಸೇರುವ ಮಂಜಗುಣಿಯಂಥ ಊರಿನಲ್ಲಿ ಕುಳಿತು ಇಂಥ ಮಾತನ್ನು ಎತ್ತುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಅಮೂರ್ತ ಕಲೆ ಪ್ಯಾರಿಸ್ಸಿನದು, ನ್ಯೂಯಾರ್ಕಿನದು, ಹೆಚ್ಚೆಂದರೆ ಮುಂಬಯಿಯದು. ಉಪ್ಪಿನ ಆಗರ, ಮೀನಿನ ಬಲೆ, ಗದ್ದೆಯ ಬದುಗಳ ನಡುವೆ ಬಾಳುವ ಅಂಕೋಲೆಯ ಸೀಮೆಗೆ ಅದರ ಗೊಡವೆಯೇಕೆ? ಆದರೆ ಈ ಪ್ರಶ್ನೆಯಲ್ಲಿಯೇ ಒಂದು ತಪ್ಪು ಗ್ರಹಿಕೆ ಹುದುಗಿದೆ. ಹೋಲಿಕೆಯಿಲ್ಲದ ರೂಪದಲ್ಲಿ ಸಂತೋಷಪಡುವ ಶಕ್ತಿ ಹೊರಗಿನಿಂದ ಬರಬೇಕಾದ ಸರಕಲ್ಲ. ಅದು ನಮ್ಮಲ್ಲಿದೆ, ನಾವು ಅದಕ್ಕೆ ಕಲೆಯ ಮಾನವನ್ನು ಕೊಟ್ಟಿಲ್ಲ, ಅಷ್ಟೆ.

ಮೊದಲು ಕಿವಿಯ ಮಾತನ್ನು ತೆಗೆದುಕೊಳ್ಳೋಣ. ಗಂಗಾವಳಿಯು ಬೇಡ್ತಿಯೆಂಬ ಹೆಸರಿನಲ್ಲಿ ಇಳಿದುಬರುವ ಧಾರವಾಡದ ಸೀಮೆ ಹಿಂದುಸ್ತಾನಿ ಸಂಗೀತದ ತವರು. ಮಲ್ಲಿಕಾರ್ಜುನ ಮನಸೂರರ ಆಲಾಪವನ್ನು ಕೇಳಿ ಕಣ್ಣು ತೇವವಾದ ರಸಿಕರು ನಮ್ಮ ಜಿಲ್ಲೆಯಲ್ಲಿಯೂ ಅಸಂಖ್ಯ. ಆಲಾಪದಲ್ಲಿ ಕಥೆಯಿಲ್ಲ, ಒಮ್ಮೊಮ್ಮೆ ಅರ್ಥವುಳ್ಳ ಒಂದು ಶಬ್ದವೂ ಇಲ್ಲ. ಸ್ವರ ಏರುತ್ತದೆ, ತಡೆಯುತ್ತದೆ, ಷಡ್ಜಕ್ಕೆ ಮರಳುತ್ತದೆ. ಈ ಸ್ವರವು ಯಾವ ಹಕ್ಕಿಯ ಕೂಗನ್ನು ಹೋಲುತ್ತದೆ, ಯಾವ ಹೊಳೆಯ ಸದ್ದನ್ನು ಅನುಕರಿಸುತ್ತದೆ ಎಂದು ಯಾವ ಶ್ರೋತೃವೂ ಕೇಳಿದವನಲ್ಲ. ಹಾಗೆ ಕೇಳುವವನನ್ನು ನಾವು ಅರಸಿಕನೆನ್ನುತ್ತೇವೆ. ಕಿವಿಗೆ ಇಷ್ಟು ಉದಾರವಾಗಿ ಕೊಟ್ಟ ಸ್ವಾತಂತ್ರ್ಯವನ್ನು ಕಣ್ಣಿಗೆ ಕೊಡಲು ಹಿಂಜರಿಯುವುದೇಕೆ? ಸ್ವರಗಳ ಏರಿಳಿತಕ್ಕೆ ಹೃದಯವನ್ನು ಕಲಕುವ ಶಕ್ತಿಯಿದ್ದರೆ ಗೆರೆಯ ಏರಿಳಿತಕ್ಕೆ, ಒಂದು ಬಣ್ಣದ ಪಕ್ಕದಲ್ಲಿ ಇನ್ನೊಂದು ಬಣ್ಣ ನಿಲ್ಲುವ ಬಗೆಗೆ ಆ ಶಕ್ತಿ ಏಕಿರಬಾರದು?

ಪಶ್ಚಿಮದಲ್ಲಿ ಈ ಕಲೆಗೆ ನೆಲೆ ಹಾಕಿದವರು ಕೇಳಿಕೊಂಡದ್ದೂ ಇದೇ ಪ್ರಶ್ನೆಯನ್ನು. ಅವರಲ್ಲಿ ಪ್ರಮುಖನಾದ ವಾಸಿಲಿ ಕ್ಯಾಂಡಿನ್‌ಸ್ಕಿ ರಶಿಯದ ನ್ಯಾಯಶಾಸ್ತ್ರ ಪಂಡಿತ. 1896ರಲ್ಲಿ ಮಾಸ್ಕೋದ ಪ್ರದರ್ಶನವೊಂದರಲ್ಲಿ ಆತ ಫ್ರೆಂಚ್ ಚಿತ್ರಕಾರ ಮೊನೆಯ ಚಿತ್ರವೊಂದನ್ನು ಕಂಡ. ಅದು ಹುಲ್ಲಿನ ಬಣವೆಯೆಂದು ಆತನಿಗೆ ತಿಳಿದದ್ದು ಪಟ್ಟಿಯನ್ನು ಓದಿದ ಮೇಲೆ. ‘ಇದು ಯಾವುದರ ಚಿತ್ರ’ ಎಂದು ಗೊತ್ತಾಗದುದಕ್ಕೆ ಆತನಿಗೆ ಮೊದಲು ಆದದ್ದು ಕಸಿವಿಸಿಯೇ. ಆದರೆ ವಸ್ತು ಕಾಣದಿದ್ದರೂ ಚಿತ್ರ ಮನಸ್ಸನ್ನು ಹಿಡಿದು ಬಿಡಲಿಲ್ಲ. ನಮ್ಮ ವಿದ್ಯಾವಂತ ಎಲ್ಲಿ ನಗುತ್ತಾನೆಯೋ ಅಲ್ಲಿ ಕ್ಯಾಂಡಿನ್‌ಸ್ಕಿ ಯೋಚಿಸತೊಡಗಿದ. ಅದೇ ವರ್ಷ ಅಧ್ಯಾಪಕ ಪದವಿಯನ್ನು ನಿರಾಕರಿಸಿ, ಮೂವತ್ತನೆಯ ವಯಸ್ಸಿನಲ್ಲಿ ಮ್ಯೂನಿಕ್ ನಗರಕ್ಕೆ ಚಿತ್ರ ಕಲಿಯಲು ಹೊರಟ. ಮುಂದೊಂದು ಸಂಜೆ ತನ್ನ ಕೋಣೆಗೆ ಮರಳಿದಾಗ, ಮಬ್ಬುಬೆಳಕಿನಲ್ಲಿ ಗೋಡೆಗೊರಗಿದ್ದ ಅಪೂರ್ವ ಸುಂದರವಾದ ಚಿತ್ರವೊಂದನ್ನು ಕಂಡು ಬೆರಗಾದನಂತೆ. ಹತ್ತಿರ ಹೋಗಿ ನೋಡಿದರೆ ಅದು ಅಡ್ಡವಾಗಿ ಇಟ್ಟಿದ್ದ ಆತನದೇ ಚಿತ್ರ! ವಸ್ತುವಿನ ಗುರುತು ತನ್ನ ಚಿತ್ರಗಳಿಗೆ ತೊಡಕೆಂದು ಆಗ ಆತನಿಗೆ ಮನವರಿಕೆಯಾಯಿತು. 1911ರ ಜನವರಿಯಲ್ಲಿ ಷೋನ್‌ಬರ್ಗನ ಸಂಗೀತವನ್ನು ಕೇಳಿ ಬಂದು ಆತ ಬರೆದ ಚಿತ್ರದಲ್ಲಿ ಕಪ್ಪು ಪಿಯಾನೋ ಒಂದು ಛಾಯೆಯಾಗಿ ಉಳಿದಿದೆ. ಮಿಕ್ಕದ್ದೆಲ್ಲ ಹಳದಿಯ ಪ್ರವಾಹ. ಕಿವಿಯ ಅನುಭವ ಕಣ್ಣಿಗೆ ದಾಟಿದ ಕ್ಷಣವದು.

ಕಾಲವೂ ಇದಕ್ಕೆ ಹದವಾಗಿತ್ತು. 1839ರಲ್ಲಿ ಛಾಯಾಚಿತ್ರದ ವಿದ್ಯೆ ಲೋಕಕ್ಕೆ ಪ್ರಕಟವಾದಂದಿನಿಂದ, ಇದ್ದುದನ್ನು ಇದ್ದಂತೆ ತೋರಿಸುವ ಕೆಲಸ ಚಿತ್ರಕಾರನೊಬ್ಬನ ಸೊತ್ತಾಗಿ ಉಳಿಯಲಿಲ್ಲ. ಆತನಿಗೇ ಮೀಸಲಾದುದು ಏನು ಎಂಬ ಪ್ರಶ್ನೆ ಎದ್ದಿತು. ಅದರ ಜೊತೆಗೆ ಕಣ್ಣಿಗೆ ಕಾಣುವುದರಾಚೆಗಿನ ಸತ್ಯದ ಹಂಬಲವೂ ಸೇರಿತು. ಡಚ್ಚರ ಮೊಂಡ್ರಿಯಾನ್, ಮದ್ರಾಸಿನ ಅಡ್ಯಾರಿನಲ್ಲಿ ಕೇಂದ್ರವುಳ್ಳ ಥಿಯಾಸಾಫಿಯ ಪಂಥವನ್ನು 1909ರಲ್ಲಿ ಸೇರಿದವನು. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ಎಂಬ ಮಹಿಳೆ 1906ರಲ್ಲಿಯೇ ಅಮೂರ್ತ ಚಿತ್ರಗಳನ್ನು ಬರೆಯತೊಡಗಿ, ತನ್ನ ಸಾವಿನ ತರುವಾಯ ಇಪ್ಪತ್ತು ವರ್ಷ ಅವನ್ನು ಯಾರಿಗೂ ತೋರಿಸಕೂಡದೆಂದು ವಿಧಿಸಿದಳು. ಲೋಕದ ಕಣ್ಣಿಗೆ ಅವು ಬಿದ್ದದ್ದು 1986ರಲ್ಲಿ. 1915ರ ಡಿಸೆಂಬರಿನಲ್ಲಿ ಪೆಟ್ರೊಗ್ರಾಡಿನಲ್ಲಿ ಮಾಲೆವಿಚ್ ತನ್ನ ಕಪ್ಪು ಚೌಕವನ್ನು ಪ್ರದರ್ಶಿಸಿದಾಗ ಅದನ್ನು ತೂಗುಹಾಕಿದ್ದು ಕೋಣೆಯ ಮೇಲಿನ ಮೂಲೆಯಲ್ಲಿ, ಎಂದರೆ ರಶಿಯನ್ನರ ಮನೆಗಳಲ್ಲಿ ದೇವರ ಪಟವಿರುವ ಸ್ಥಾನದಲ್ಲಿ. ಇವರನ್ನು ಒಪ್ಪಬಹುದು, ಒಪ್ಪದಿರಬಹುದು. ಬರಿಯ ಹುಡುಗಾಟವಾಡಿದರೆಂದು ಮಾತ್ರ ಹೇಳಲಾಗದು.

ಇನ್ನು ಈ ಅಲೆ ನಮ್ಮ ದಡಕ್ಕೆ ಬಂದ ಬಗೆ. 1922ರ ಡಿಸೆಂಬರಿನಲ್ಲಿ ಕಲಕತ್ತೆಯಲ್ಲಿ, ಸ್ಟೆಲ್ಲಾ ಕ್ರಾಮ್ರಿಷ್ ಎಂಬ ವಿದುಷಿಯ ಪ್ರಯತ್ನದಿಂದ, ಜರ್ಮನಿಯ ಬೌಹೌಸ್ ಶಾಲೆಯ ಕಲಾವಿದರ ಚಿತ್ರಗಳ ಪ್ರದರ್ಶನ ನಡೆಯಿತು. ಕ್ಯಾಂಡಿನ್‌ಸ್ಕಿ ಮತ್ತು ಕ್ಲೇ ಅವರ ಕೃತಿಗಳೊಂದಿಗೆ ಗಗನೇಂದ್ರನಾಥ ಠಾಕೂರರ ಕೃತಿಗಳೂ ಅಲ್ಲಿದ್ದುವು. ಅದಾದ ಎರಡು ವರ್ಷಕ್ಕೆ, 1924ರಲ್ಲಿ, ರವೀಂದ್ರನಾಥರು ‘ಪೂರವಿ’ಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಗೆರೆಗಳಿಂದ ಕೂಡಿಸುತ್ತ ಹೋದರು. ಬೇಡವಾದ ಪದಗಳ ಮೇಲೆ ಬಿದ್ದ ಶಾಯಿ ಲಯವನ್ನು ಹಿಡಿಯಿತು, ಆಕಾರವನ್ನು ಬೇಡಿತು. ಅರವತ್ತು ದಾಟಿದ ಕವಿ ಹೀಗೆ ಚಿತ್ರಕಾರನಾದ. 1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಪ್ರದರ್ಶನವಾಯಿತು. ಅವರ ಚಿತ್ರಗಳೆಲ್ಲ ಅಮೂರ್ತವಲ್ಲ. ಮುಖಗಳಿವೆ, ವಿಚಿತ್ರ ಪ್ರಾಣಿಗಳಿವೆ. ಆದರೆ ಬಹುಪಾಲು ಚಿತ್ರಗಳಿಗೆ ಅವರು ಹೆಸರನ್ನು ಇಡಲಿಲ್ಲ. ಪದಗಳ ಒಡೆಯನೆನಿಸಿದವನು ಪದವನ್ನು ಹೊಡೆದುಹಾಕಿದ ಜಾಗದಲ್ಲಿಯೇ ಚಿತ್ರ ಹುಟ್ಟಿತೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಮನನ ಮಾಡಬೇಕು.

ಈ ಕವಿ ನಮ್ಮ ಜಿಲ್ಲೆಗೆ ಅಪರಿಚಿತನಲ್ಲ. 1883ರಲ್ಲಿ, ಇಪ್ಪತ್ತೆರಡರ ತರುಣನಾಗಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಂದಿಗೆ ತಂಗಿದ್ದಾಗ ಅವರು ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದರು. ಕಾರವಾರದ ಕಡಲತಡಿ ಇಂದು ಅವರ ಹೆಸರನ್ನು ಹೊತ್ತಿದೆ. ಕಾರವಾರವೇ ಅವರನ್ನು ಚಿತ್ರಕಾರನನ್ನಾಗಿಸಿತೆಂದು ಹೇಳುವುದು ಊರಿನ ಅಭಿಮಾನದ ಅತಿರೇಕವಾದೀತು. ಅವರ ಹೆಸರನ್ನು ಕಡಲತಡಿಗಿಟ್ಟು ಹೆಮ್ಮೆಪಡುವ ನಾವು, ಅವರ ಚಿತ್ರಗಳನ್ನು ನಮ್ಮ ಮಕ್ಕಳಿಗೆ ತೋರಿಸಿದ್ದೇವೆಯೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಇದಕ್ಕಿಂತ ಹತ್ತಿರದ ಸಾಕ್ಷ್ಯವೂ ಇದೆ; ಅದು ನಮ್ಮ ಗೋಡೆಗಳ ಮೇಲಿದೆ. ಗೋವೆಯಿಂದ ದಕ್ಷಿಣಕ್ಕೆ ಈ ಕರಾವಳಿಯುದ್ದಕ್ಕೂ ಹಳೆಯ ದೇವಾಲಯಗಳಲ್ಲಿ ಕಾವಿ ಕಲೆಯ ಕುರುಹುಗಳಿವೆ. ಚಿಪ್ಪು ಸುಟ್ಟ ಸುಣ್ಣದ ಬಿಳಿಯ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಲೇಪ. ಲೇಪ ಹಸಿಯಾಗಿರುವಾಗಲೇ ಕೈವಾರದಿಂದ ವೃತ್ತಗಳನ್ನು ಎಳೆದು, ಉಕ್ಕಿನ ಮೊನೆಯಿಂದ ಕೆರೆದು ಕೆಳಗಿನ ಬಿಳುಪನ್ನು ತೋರುವಂತೆ ಮಾಡುವ ವಿದ್ಯೆ. ದೇವರು, ಪ್ರಾಣಿಗಳ ಜೊತೆಗೆ ಅಲ್ಲಿ ಯಾವುದನ್ನೂ ಹೋಲದ ವೃತ್ತಗಳೂ ಎಳೆಗಳೂ ಧಾರಾಳವಾಗಿವೆ. ಘಟ್ಟ ಹತ್ತಿ ಸಿದ್ದಾಪುರ, ಸಾಗರಗಳ ಕಡೆ ಹೋದರೆ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವುಂಟು. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ಮದುವೆಯ ಮನೆಯಲ್ಲಿ ವಧೂವರರೂ ಕೂಡ ಅಲ್ಲಿ ಕೆಲವೇ ಗೆರೆಗಳಾಗಿ, ತ್ರಿಕೋನಗಳಾಗಿ ನಿಲ್ಲುತ್ತಾರೆ. ತುಳಸಿಯ ಮುಂದೆ ಚುಕ್ಕಿ ಇಟ್ಟು ಎಳೆ ಸುತ್ತುವ ನಮ್ಮ ತಾಯಂದಿರ ರಂಗವಲ್ಲಿಯನ್ನಂತೂ ಹೇಳಲೇಬೇಕಾಗಿಲ್ಲ. ಆ ಎಳೆ ಯಾವುದರ ಚಿತ್ರವೆಂದು ಕೇಳಿದವರಾರು? ಎಳೆ ತಪ್ಪಿತೇ, ಸುತ್ತು ಕೂಡಿತೇ, ಅಂಗಳ ತುಂಬಿತೇ ಎಂದು ಮಾತ್ರ ನೆರೆಮನೆಯಾಕೆ ನೋಡುತ್ತಾಳೆ. ಇದಕ್ಕಿಂತ ಶುದ್ಧವಾದ ಕಲಾವಿಮರ್ಶೆ ಬೇರೆ ಉಂಟೆ?

ಹಾಗೆಂದು, ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು, ಪಶ್ಚಿಮದವರು ತಡವಾಗಿ ಕಂಡುಕೊಂಡರೆಂದು ಬೆನ್ನು ತಟ್ಟಿಕೊಳ್ಳುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ರಂಗವಲ್ಲಿಗೂ ಕ್ಯಾಂಡಿನ್‌ಸ್ಕಿಗೂ ಅಂತರವಿದೆ. ರಂಗವಲ್ಲಿಯ ಹಿಂದೆ ಒಂದು ಸಮುದಾಯದ ಒಪ್ಪಂದವಿದೆ. ಅದನ್ನು ಎಲ್ಲಿ, ಎಂದು, ಏಕೆ ಬರೆಯಬೇಕೆಂಬುದನ್ನು ರೂಢಿ ಹೇಳುತ್ತದೆ. ಬರೆಯುವವಳೂ ನೋಡುವವಳೂ ಒಂದೇ ಬಾಳಿನ ಪಾಲುದಾರರು. ಆಧುನಿಕ ಅಮೂರ್ತಕಾರನಿಗೆ ಅಂಥ ಅಂಗಳವಿಲ್ಲ. ಆತ ಒಬ್ಬಂಟಿ, ತನ್ನ ನಿಯಮವನ್ನು ಪ್ರತಿ ಚಿತ್ರದಲ್ಲಿಯೂ ತಾನೇ ಕಂಡುಹಿಡಿಯಬೇಕು, ನೋಡುವವನೂ ಅದನ್ನು ಹೊಸದಾಗಿ ಹುಡುಕಬೇಕು. ಆತನ ಕಷ್ಟವೂ ಆಕರ್ಷಣೆಯೂ ಇಲ್ಲಿಯೇ ಇವೆ. ರೂಢಿಯ ಆಸರೆ ತಪ್ಪಿದ ಕಾಲದಲ್ಲಿ, ಅಪರಿಚಿತರಿಬ್ಬರು ಬರಿಯ ರೂಪದ ಮೂಲಕ ಒಬ್ಬರನ್ನೊಬ್ಬರು ಮುಟ್ಟಬಲ್ಲರೆಂಬ ನಂಬಿಕೆಯೇ ಅಮೂರ್ತ ಕಲೆಯ ಜೀವ. ನಮ್ಮ ಗೋಡೆಯ ಗೆರೆಗಳು ಆ ಕಲೆಯ ಮೂಲವಲ್ಲ. ಆ ಕಲೆಯನ್ನು ನೋಡಬಲ್ಲ ಕಣ್ಣು ನಮಗಿದೆ ಎಂಬುದಕ್ಕೆ ಪ್ರಮಾಣ.

ಇಬ್ಬರು ಕಲಾವಿದರನ್ನು ಇಲ್ಲಿ ನೆನೆಯಬೇಕು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಲಯದ ಮರ್ಮವನ್ನು ಅರಿಯಲೆಂದು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ನೃತ್ಯವನ್ನು ಅರಿಯದವನಿಗೆ ಚಿತ್ರ ತಿಳಿಯದೆಂದೂ, ಸಂಗೀತವನ್ನು ಅರಿಯದವನಿಗೆ ನೃತ್ಯ ತಿಳಿಯದೆಂದೂ ವಿಷ್ಣುಧರ್ಮೋತ್ತರದಲ್ಲಿ ಮಾರ್ಕಂಡೇಯನು ವಜ್ರರಾಜನಿಗೆ ಹೇಳಿದ ಮಾತು ನಮ್ಮ ಕಾಲದಲ್ಲಿ ಹೀಗೆ ಫಲಿಸಿತು. ಹೆಬ್ಬಾರರು ಆಕೃತಿಯನ್ನು ಪೂರ್ತಿ ತೊರೆದವರಲ್ಲ. ಆದರೂ ಅವರ ಒಂದೊಂದು ಗೆರೆಯೂ ನರ್ತಕಿಯನ್ನಲ್ಲ, ನರ್ತನವನ್ನೇ ತೋರಿಸುತ್ತದೆ. ಇನ್ನೊಬ್ಬರು ಗೋವೆಯ ಮನೆತನದ, 1924ರಲ್ಲಿ ನಾಗಪುರದಲ್ಲಿ ಹುಟ್ಟಿದ ವಾಸುದೇವ ಗಾಯತೊಂಡೆ. ‘ಅಮೂರ್ತ’ವೆಂಬ ಹೆಸರೇ ಅವರಿಗೆ ಒಪ್ಪಿಗೆಯಿರಲಿಲ್ಲ, ತಮ್ಮದು ವಸ್ತುನಿರಪೇಕ್ಷ ಚಿತ್ರವೆನ್ನುತ್ತಿದ್ದರು. ಬಣ್ಣದ ಪದರದ ಮೇಲೆ ಪದರವನ್ನು ಹಚ್ಚಿ, ಕೆರೆದು, ಉರುಳೆಯಿಂದ ತೀಡಿ, ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರಗಳನ್ನು ಮಾತ್ರ ಮುಗಿಸುತ್ತಿದ್ದ ಈ ಮೌನಿ 2001ರಲ್ಲಿ ತೀರಿಕೊಂಡರು. 2013ರಲ್ಲಿ ಅವರ ಒಂದು ಚಿತ್ರ ಮುಂಬಯಿಯ ಹರಾಜಿನಲ್ಲಿ 23 ಕೋಟಿ ರೂಪಾಯಿಗೂ ಮಿಕ್ಕಿ ಮಾರಾಟವಾದಾಗ ಪತ್ರಿಕೆಗಳೆಲ್ಲ ಬೆಲೆಯನ್ನು ಬರೆದುವು. ಬೆಲೆಯ ಬೆರಗೂ ಒಂದು ತೆರೆಯೇ. ಅದೂ ಚಿತ್ರವನ್ನು ನೋಡಗೊಡುವುದಿಲ್ಲ.

ಮೋಸವೇ ಇಲ್ಲವೇ ಎಂದರೆ, ಇದೆ. ಸುಲಭವೆಂದು ಈ ದಾರಿಗಿಳಿದವರು ಬಹಳ. ಆದರೆ ಪದ್ಯದ ಹೆಸರಿನಲ್ಲಿ ಗದ್ಯವನ್ನು ತುಂಡರಿಸುವವರಿದ್ದಾರೆಂದು ಕಾವ್ಯವನ್ನೇ ನಾವು ತಿರಸ್ಕರಿಸುವುದಿಲ್ಲವಷ್ಟೆ? ಜೊಳ್ಳನ್ನು ಕಾಳಿನಿಂದ ಬೇರ್ಪಡಿಸಲು ಅಲ್ಲಿ ಬೇಕಾದ ಅಭ್ಯಾಸವೇ ಇಲ್ಲಿಯೂ ಬೇಕು. ಈ ಗೆರೆ ಇಲ್ಲಿಯೇ ಏಕೆ ನಿಂತಿತು? ಈ ಕೆಂಪನ್ನು ತೆಗೆದರೆ ಚಿತ್ರ ಕುಸಿಯುವುದೇ? ಹತ್ತು ನಿಮಿಷ ನಿಂತು ನೋಡಿದ ಮೇಲೆ ಚಿತ್ರ ಬೆಳೆಯಿತೇ, ಬರಿದಾಯಿತೇ? ಒಳ್ಳೆಯದು ಈ ಪ್ರಶ್ನೆಗಳ ಎದುರು ನಿಲ್ಲುತ್ತದೆ. ಕಪಟವಾದುದು ಬಹುಬೇಗ ಬಯಲಾಗುತ್ತದೆ.

ಈ ಅಭ್ಯಾಸ ಶಾಲೆಯಲ್ಲಿ ಮೊದಲಾಗಬೇಕು. ಅಲ್ಲಿಯೇ ಅದು ಮುರುಟಿಹೋಗುತ್ತಿದೆ. ಕರಿಹಲಗೆಯ ಮೇಲೆ ಮಾವಿನಹಣ್ಣನ್ನು ಬರೆದು, ಅದನ್ನು ಹೆಚ್ಚು ಹೋಲುವಂತೆ ಬರೆದವನಿಗೆ ಹೆಚ್ಚು ಅಂಕ ಕೊಡುವ ಪದ್ಧತಿಯನ್ನು ನಾವೆಲ್ಲ ಬಲ್ಲೆವು. ಹೋಲಿಕೆಯ ಸಾಧನೆ ಕೀಳೆಂದು ನಾನು ಹೇಳುತ್ತಿಲ್ಲ. ಕಣ್ಣನ್ನು ಹರಿತಗೊಳಿಸಲು ಅದೂ ಬೇಕು. ಆದರೆ ಅದೊಂದೇ ಅಳತೆಯಾದಾಗ, ಮನೆಯಂಗಳದಲ್ಲಿ ನಿರ್ಭಯವಾಗಿ ಎಳೆ ಸುತ್ತುತ್ತಿದ್ದ ಬಾಲಕಿ ಶಾಲೆಯ ಕಾಗದದ ಮುಂದೆ ಅಳುಕುತ್ತಾಳೆ. ತನಗೆ ಚಿತ್ರ ಬಾರದೆಂದು ನಂಬಿ ದೊಡ್ಡವಳಾಗುತ್ತಾಳೆ. ಮುಂದೆ ಪ್ರದರ್ಶನಶಾಲೆಯಲ್ಲಿ ನಗುವ ಅಥವಾ ಸುಮ್ಮನೆ ತಲೆದೂಗುವ ವಿದ್ಯಾವಂತರು ಹೀಗೆ ತಯಾರಾಗುತ್ತಾರೆ. ನಷ್ಟ ಅಮೂರ್ತ ಕಲೆಗಲ್ಲ, ಅವರಿಗೆ.

ಇದಕ್ಕೆ ಹಣವಾಗಲಿ ಪ್ರದರ್ಶನಶಾಲೆಯಾಗಲಿ ಬೇಕಾಗಿಲ್ಲ. ವಾರಕ್ಕೊಂದು ದಿನ ಮಂಜಗುಣಿಯ ಮಾಸ್ತರರು ಮಕ್ಕಳನ್ನು ಇಳಿತದ ಹೊತ್ತಿನಲ್ಲಿ ಅಳಿವೆಯ ದಂಡೆಗೆ ಕರೆದೊಯ್ಯಲಿ. ಹಿಂದೆ ಸರಿದ ನೀರು ಮರಳಿನ ಮೇಲೆ ಬಿಟ್ಟುಹೋದ ಗೆರೆಗಳನ್ನೂ, ಒಣಗಹಾಕಿದ ಬಲೆಯ ಕಣ್ಣುಗಳನ್ನೂ ತೋರಿಸಲಿ. ‘ಇದು ಯಾವುದರ ಚಿತ್ರ’ ಎಂದು ಕೇಳದೆ, ‘ಇದು ಹೇಗಿದೆ’ ಎಂದು ಕೇಳಲಿ. ಗೆರೆ ಎಲ್ಲಿ ದಟ್ಟವಾಯಿತು, ಎಲ್ಲಿ ಸಡಿಲವಾಯಿತು, ಎಲ್ಲಿ ತಿರುಗಿತು ಎಂದು ಮಕ್ಕಳು ಹೇಳಲಿ. ನೋಡಿದ್ದನ್ನು ಹೇಳಬಲ್ಲ ಮಗು ನಾಳೆ ಗಾಯತೊಂಡೆಯವರ ಚಿತ್ರದ ಎದುರು ಹೆದರಬೇಕಾಗಿಲ್ಲ. ಮೆಚ್ಚಲು ಹೇಗೋ ಹಾಗೆ ನಿರಾಕರಿಸಲೂ ಅದಕ್ಕೆ ಹಕ್ಕು ಇರುತ್ತದೆ. ಅಮೂರ್ತ ಕಲೆ ನಮ್ಮಿಂದ ಕೇಳುವುದು ಭಕ್ತಿಯನ್ನಲ್ಲ, ಪಾಂಡಿತ್ಯವನ್ನೂ ಅಲ್ಲ. ತೀರ್ಪು ಕೊಡುವ ಮೊದಲು ಒಮ್ಮೆ ನೋಡಿರೆಂದು ಅದು ಬೇಡುತ್ತದೆ. ಅಷ್ಟನ್ನು ಕೊಡಲಾರದಷ್ಟು ಬಡವರು ನಾವಲ್ಲ.