ಕಾಡು ಸ್ಟ್ರಾಬೆರಿಯ ಘಮ

ಯೂರೋಪಿನ ಕಾಡಂಚಿನಲ್ಲಿ ತಾನಾಗಿ ಹಬ್ಬುವ ಕಾಡು ಸ್ಟ್ರಾಬೆರಿ ಬೆರಳ ತುದಿಯಷ್ಟೇ ಗಾತ್ರದ್ದು. ಪರಿಮಳದಲ್ಲಿ ಮಾತ್ರ ಅಂಗಡಿಯ ದಪ್ಪ ಹಣ್ಣು ಅದಕ್ಕೆ ಸಾಟಿಯಾಗದು. ಈ ಅಂತರಕ್ಕೆ ಮಣ್ಣು, ಗೊಬ್ಬರ, ಸಾಗಣೆಯನ್ನಷ್ಟೇ ದೂರಿದರೆ ಸಾಲದು. ವಂಶವಾಹಿಗಳ ಪಾಲೂ ಇದರಲ್ಲಿದೆ.

ಕೃಷಿಯ ಸ್ಟ್ರಾಬೆರಿ ಹುಟ್ಟಿದ್ದು 18ನೇ ಶತಮಾನದ ಯೂರೋಪಿನಲ್ಲಿ, ಅಮೆರಿಕ ಖಂಡಗಳಿಂದ ಬಂದ ಎರಡು ಪ್ರಭೇದಗಳ ಮಿಲನದಿಂದ. ಅದರ ಜೀವಕೋಶದಲ್ಲಿ 56 ವರ್ಣತಂತುಗಳಿವೆ. ಕಾಡು ಹಣ್ಣಿನದರಲ್ಲಿ ಬರೀ 14. ಕಾಡು ಹಣ್ಣಿನಲ್ಲಿ ಪೈನೀನ್, ಮಿರ್ಸೀನ್ ಎಂಬ ಸುಗಂಧ ದ್ರವ್ಯಗಳನ್ನು ತಯಾರಿಸುವ ಕಿಣ್ವವೊಂದಿದೆ. ಕೃಷಿ ತಳಿಯಲ್ಲಿ ಅದರ ವಂಶವಾಹಿಯೊಳಗೆ ಡಿಎನ್‌ಎ ತುಣುಕೊಂದು ಸೇರಿಕೊಂಡು ಕೆಲಸ ಕೆಡಿಸಿದೆ ಎಂದು 2004ರ ಸಂಶೋಧನೆ ತೋರಿಸಿತು. ಪೈನೀನ್ ಇಲ್ಲವಾದ ಮೇಲೆ ಅದರಿಂದ ಮುಂದೆ ರೂಪುಗೊಳ್ಳಬೇಕಿದ್ದ ಇತರ ಪರಿಮಳಗಳೂ ಇಲ್ಲವಾದವು. ನಷ್ಟವೊಂದೇ ಅಲ್ಲ, ಗಳಿಕೆಯೂ ಉಂಟು: ಇನ್ನೊಂದು ವಂಶವಾಹಿಯ ಬದಲಾವಣೆಯಿಂದ ಕೃಷಿ ಹಣ್ಣಿಗೆ ಹೂವಿನ ಕಂಪಿನ ಲಿನಲೂಲ್ ದಕ್ಕಿತು.

ಕಾಡು ಹಣ್ಣಿನ ಮತ್ತೊಂದು ಸೊತ್ತು ಮೀಥೈಲ್ ಆಂಥ್ರನಿಲೇಟ್ ಎಂಬ ಸುಗಂಧ ದ್ರವ್ಯ. ಇದು ಕೃಷಿ ತಳಿಗಳಲ್ಲಿ ಅಪರೂಪ. ಫ್ರಾನ್ಸಿನ 'ಮಾರಾ ದೇ ಬ್ವಾ'ದಂಥ ಕೆಲವೇ ತಳಿಗಳಲ್ಲಿ ಉಳಿದಿದೆ. ಆ ತಳಿಗೆ ಅಷ್ಟೊಂದು ಅಭಿಮಾನಿಗಳಿರುವುದು ಸಹಜವೇ.

ಗಾತ್ರ, ಇಳುವರಿ, ಬಾಳಿಕೆ ಬೆಳೆಗಾರನಿಗೆ ಬೇಕೇ ಬೇಕು. ಆದರೆ ತಳಿ ಆಯ್ಕೆಯಲ್ಲಿ ಪರಿಮಳಕ್ಕೂ ಅಷ್ಟೇ ಅಂಕ ಸಿಗಬೇಕು. 2011ರಲ್ಲಿ ಪ್ರಕಟವಾದ ಕಾಡು ಸ್ಟ್ರಾಬೆರಿಯ ಜೀನೋಮ್ ನಕ್ಷೆ ಈ ಕೆಲಸವನ್ನು ಹಗುರ ಮಾಡಿದೆ. ಅಮೆರಿಕದ ಕೋರ್ವಾಲಿಸ್, ಜರ್ಮನಿಯ ಡ್ರೆಸ್ಡೆನ್‌ನ ಸಂಗ್ರಹಗಳಲ್ಲಿ ಕಾಡು ತಳಿಗಳು ಜೀವಂತವಾಗಿವೆ. ಇಂಥ ಸಂಗ್ರಹಗಳಿಗೆ ಸರ್ಕಾರಗಳು ಹಣದ ಕೊರತೆ ಮಾಡಬಾರದು.