ಹೊಳೆ ದಾಟಿದ ಮೇಲೆ

‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?’ ಎಂಬ ಗಾದೆಯನ್ನು ನಾವೆಲ್ಲ ಉಪಕಾರ ಮರೆತವರನ್ನು ಚುಚ್ಚುವುದಕ್ಕೆ ಬಳಸುತ್ತೇವೆ. ಆ ಗಾದೆಯಲ್ಲಿ ಅಂಬಿಗನಿಗಾದರೂ ಒಂದು ಸ್ಥಾನವುಂಟು; ಅವನ ದೋಣಿಯ ಸುದ್ದಿಯೇ ಇಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸಾಗರಗಳನ್ನು ದಾಟಿ ದ್ವೀಪಾಂತರಕ್ಕೆ ಹೋಗುವ ಹಡಗಿಗೆ ಕಾವ್ಯದಲ್ಲಿ ಎಡೆಯುಂಟು. ಯುದ್ಧನೌಕೆಗೆ ಚರಿತ್ರೆಯಲ್ಲಿ ಎಡೆಯುಂಟು. ಬೆಳಿಗ್ಗೆ ಈ ದಡದಿಂದ ಆ ದಡಕ್ಕೆ, ಸಂಜೆ ಆ ದಡದಿಂದ ಈ ದಡಕ್ಕೆ, ಗುಮಾಸ್ತರನ್ನೂ ಶಾಲೆಯ ಮಕ್ಕಳನ್ನೂ ಸಂತೆಯ ಬುಟ್ಟಿಗಳನ್ನೂ ಸಾಗಿಸುತ್ತ ಆಯುಸ್ಸನ್ನು ಸವೆಸುವ ನಾವೆಯನ್ನು ನೆನೆಯುವವರು ಯಾರು? ಆದರೆ ಕಳೆದ ಶತಮಾನದ ಎರಡು ಮಹಾಯುದ್ಧಗಳಲ್ಲಿಯೂ ಇಂಗ್ಲೆಂಡು ಇಂಥ ನಾವೆಗಳನ್ನೇ ರಣರಂಗಕ್ಕೆ ಕರೆಯಬೇಕಾಯಿತು. ಅವು ಮಾಡಿದ ಕೆಲಸವೇನು, ಅನಂತರ ಅವುಗಳಿಗೆ ಒದಗಿದ ಗತಿಯೇನು ಎಂಬುದೇ ಈ ವಾರದ ಮಾತು.

ಮೊದಲ ಕಥೆ ೧೯೧೮ನೆಯ ಇಸವಿಯದು. ಜರ್ಮನರ ಜಲಾಂತರ್ಗಾಮಿ ನೌಕೆಗಳು ಬೆಲ್ಜಿಯಂ ದೇಶದ ಬ್ರೂಜ್ ನಗರದಲ್ಲಿ ಬೀಡುಬಿಟ್ಟಿದ್ದು, ಜೀಬ್ರುಗೆ ಎಂಬ ರೇವಿನ ಕಾಲುವೆಯ ಮೂಲಕ ಸಮುದ್ರಕ್ಕೆ ಇಳಿಯುತ್ತಿದ್ದವು. ಹಳೆಯ ಹಡಗುಗಳಲ್ಲಿ ಕಾಂಕ್ರೀಟು ತುಂಬಿ ಆ ಕಾಲುವೆಯ ಬಾಯಿಯಲ್ಲಿ ಮುಳುಗಿಸಿಬಿಡುವುದು ಬ್ರಿಟಿಷರ ಹಂಚಿಕೆ. ಆ ಕೆಲಸ ಮುಗಿಯುವವರೆಗೆ ಶತ್ರುವಿನ ಫಿರಂಗಿಗಳ ಗಮನವನ್ನು ಸೆಳೆಯಲು, ಸಮುದ್ರದೊಳಕ್ಕೆ ಚಾಚಿದ್ದ ಕಲ್ಲಿನ ತಡೆಗೋಡೆಯ ಮೇಲೆ ಸೈನಿಕರನ್ನು ಇಳಿಸಬೇಕಾಗಿತ್ತು. ‘ವಿಂಡಿಕ್ಟಿವ್’ ಎಂಬ ಹಳೆಯ ಯುದ್ಧನೌಕೆಯ ಜೊತೆಗೆ ಇದಕ್ಕೆ ಆಯ್ಕೆಯಾದವು ಲಿವರ್‌ಪೂಲಿನ ಮರ್ಸಿ ನದಿಯನ್ನು ದಿನವೂ ದಾಟುತ್ತಿದ್ದ ಎರಡು ಫೆರಿ ಹಡಗುಗಳು. ಒಂದರ ಹೆಸರು ‘ಐರಿಸ್’, ಇನ್ನೊಂದರ ಹೆಸರು ‘ಡ್ಯಾಫೊಡಿಲ್’. ಎರಡೂ ಹೂವಿನ ಹೆಸರುಗಳೇ. ಅವುಗಳ ತಳ ನೀರಿನಲ್ಲಿ ಆಳಕ್ಕೆ ಇಳಿಯುತ್ತಿರಲಿಲ್ಲವಾದುದರಿಂದ ನೀರೊಳಗಿನ ಸಿಡಿಗುಂಡುಗಳ ಮೇಲೆ ತೇಲಿಹೋಗುವ ಸಂಭವ ಹೆಚ್ಚು. ಹೊಟ್ಟೆಗೆ ಎರಡು ಪದರದ ಕವಚ. ನೂರಾರು ಜನ ಒಟ್ಟಿಗೆ ನಿಲ್ಲುವಷ್ಟು ವಿಶಾಲವಾದ ಅಟ್ಟ. ನದಿ ದಾಟಿಸಲೆಂದು ಕೊಟ್ಟ ಗುಣಗಳೇ ಯುದ್ಧಕ್ಕೂ ಒದಗಿಬಂದವು.

ಏಪ್ರಿಲ್ ೨೨ರ ರಾತ್ರಿ ಹೊರಟ ದಂಡು ನಡುರಾತ್ರಿಯ ಹೊತ್ತಿಗೆ ಗೋಡೆಯನ್ನು ಮುಟ್ಟಿತು. ಅಲೆಗಳ ಹೊಯ್ದಾಟಕ್ಕೆ ವಿಂಡಿಕ್ಟಿವ್ ಗೋಡೆಗೆ ಅಂಟಿಕೊಂಡು ನಿಲ್ಲಲಾರದೆ ಹೋದಾಗ, ಡ್ಯಾಫೊಡಿಲ್ ತನ್ನ ಮೂತಿಯನ್ನು ಅದರ ಪಕ್ಕೆಗೆ ಆನಿಸಿ, ಕಾಳಗ ನಡೆದಷ್ಟು ಹೊತ್ತೂ ಅದನ್ನು ಗೋಡೆಗೆ ಒತ್ತಿ ಹಿಡಿದುಕೊಂಡಿತು. ಗಾಳಿಗೆ ತೆರೆದುಕೊಳ್ಳುವ ಬಾಗಿಲನ್ನು ಮನೆಯಾಕೆ ಬೆನ್ನು ಕೊಟ್ಟು ತಡೆದು ನಿಲ್ಲುವಂತೆ! ಐರಿಸ್ಸಿನ ಪಾಡು ಘೋರವಾಯಿತು. ಒಂದೇ ಗುಂಡು ಅದರ ಒಡಲೊಳಗೆ ಸಿಡಿದು ೪೯ ಮಂದಿ ಸೈನಿಕರು ಸತ್ತರು. ಅಂದಿನ ದಾಳಿಯಲ್ಲಿ ಮಡಿದ ಬ್ರಿಟಿಷರು ಇನ್ನೂರಕ್ಕಿಂತ ಹೆಚ್ಚು. ಇಷ್ಟಾಗಿಯೂ ಕಾಲುವೆ ಪೂರ್ತಿಯಾಗಿ ಮುಚ್ಚಲಿಲ್ಲ. ಕೆಲವೇ ದಿನಗಳಲ್ಲಿ ಜರ್ಮನರು ದಾರಿ ಬಿಡಿಸಿಕೊಂಡರು. ಐದನೆಯ ಜಾರ್ಜ್ ದೊರೆ ಎರಡು ನಾವೆಗಳ ಹೆಸರಿನ ಮುಂದೆಯೂ ‘ರಾಯಲ್’ ಎಂಬ ಬಿರುದನ್ನು ಸೇರಿಸಿದ. ಬಿರುದು ಹೊತ್ತು ಅವು ಮರಳಿ ಮರ್ಸಿ ನದಿಗೆ ಬಂದು, ಎಂದಿನಂತೆ ಜನರನ್ನು ದಾಟಿಸತೊಡಗಿದವು. ಡ್ಯಾಫೊಡಿಲ್ ೧೯೩೮ರಲ್ಲಿ ಗುಜರಿಗೆ ಹೋಯಿತು. ಐರಿಸ್ ಐರ್ಲೆಂಡಿಗೆ ಮಾರಾಟವಾಗಿ, ಹೆಸರನ್ನೂ ಕಳೆದುಕೊಂಡು, ಕೊನೆಗೆ ಅದೇ ಹಾದಿಯನ್ನು ಹಿಡಿಯಿತು.

ಎರಡನೆಯ ಕರೆ ಬಂದದ್ದು ೧೯೪೦ರ ಮೇ ತಿಂಗಳಿನಲ್ಲಿ. ಫ್ರಾನ್ಸಿನ ಡಂಕರ್ಕ್ ತೀರದಲ್ಲಿ ಮಿತ್ರಸೈನ್ಯವನ್ನು ಜರ್ಮನರು ಮೂರು ಕಡೆಯಿಂದ ಒತ್ತರಿಸಿದ್ದರು. ನಾಲ್ಕನೆಯ ಕಡೆ ಸಮುದ್ರ. ಮೇ ೨೬ರಿಂದ ಜೂನ್ ೪ರವರೆಗೆ ಅಲ್ಲಿಂದ ಪಾರಾಗಿ ಬಂದವರು ೩,೩೮,೨೨೬ ಮಂದಿ. ಈ ಘಟನೆಯನ್ನು ನೆನೆದವರೆಲ್ಲ ಸಣ್ಣ ಸಣ್ಣ ಖಾಸಗಿ ದೋಣಿಗಳ ಸಾಹಸವನ್ನೇ ಹಾಡುತ್ತಾರೆ. ಆ ಸಾಹಸ ಸುಳ್ಳಲ್ಲ. ಆದರೆ ಮರಳದಂಡೆಯಿಂದ ಹೊರಟವರು ಒಂದು ಲಕ್ಷಕ್ಕಿಂತ ತುಸು ಕಡಿಮೆ. ಉಳಿದ ಸುಮಾರು ೨,೩೯,೦೦೦ ಜನ ಹಡಗು ಹತ್ತಿದ್ದು ರೇವಿನಿಂದ, ಹೆಚ್ಚಾಗಿ ಅದರ ಪೂರ್ವದ ತಡೆಗೋಡೆಯಿಂದ. ಅವರನ್ನು ಹೊತ್ತು ತಂದವು ಮುಖ್ಯವಾಗಿ ಯುದ್ಧನೌಕೆಗಳು ಮತ್ತು ಇಂಗ್ಲಿಷ್ ಕಡಲ್ಗಾಲುವೆಯ ಯಾತ್ರಿಕ ಹಡಗುಗಳು. ಸಾವಿರ ಜನರನ್ನು ಕೆಲವೇ ನಿಮಿಷಗಳಲ್ಲಿ ಹತ್ತಿಸಿ, ತೂಕ ಒಂದೇ ಕಡೆಗೆ ವಾಲದಂತೆ ನಿಲ್ಲಿಸುವ ವಿದ್ಯೆ ಫೆರಿಯ ನಾವಿಕರಿಗೆ ದಿನದ ಅಭ್ಯಾಸವಾಗಿತ್ತಲ್ಲವೆ?

ಬೆಲೆಯನ್ನೂ ಅವು ತೆತ್ತವು. ಮ್ಯಾನ್ ದ್ವೀಪದ ಕಂಪೆನಿಯೊಂದರ ಮೂರು ಹಡಗುಗಳು, ‘ಮೋನಾಸ್ ಕ್ವೀನ್’, ‘ಫೆನೆಲ್ಲಾ’ ಮತ್ತು ‘ಕಿಂಗ್ ಓರಿ’, ಮೇ ೨೯ ಮತ್ತು ೩೦ರ ಎರಡೇ ದಿನಗಳಲ್ಲಿ ಮುಳುಗಿದವು. ಫೆನೆಲ್ಲಾ ಒಡೆದಾಗ ಅದರಲ್ಲಿದ್ದ ಸೈನಿಕರು ಪಕ್ಕದಲ್ಲಿದ್ದ ‘ಕ್ರೆಸ್ಟೆಡ್ ಈಗಲ್’ ಎಂಬ ಥೇಮ್ಸ್ ನದಿಯ ವಿಹಾರನೌಕೆಯನ್ನು ಹತ್ತಿದರು. ಅದು ರೇವನ್ನು ಬಿಟ್ಟು ಹೊರಟ ಸ್ವಲ್ಪ ಹೊತ್ತಿಗೇ ಬಾಂಬು ಬಿದ್ದು ಬೆಂಕಿ ಹತ್ತಿತು. ಸುಮಾರು ಮುನ್ನೂರು ಜನ ಸತ್ತರು. ಒಂದು ಹಡಗಿನಿಂದ ಪಾರಾದವರು ಇನ್ನೊಂದರಲ್ಲಿ ಬೆಂದುಹೋದರು. ಅದರ ಎಲುಬುಗೂಡು ಸಮುದ್ರ ಇಳಿದಾಗ ಇಂದಿಗೂ ಮರಳಿನ ಮೇಲೆ ಕಾಣುತ್ತದೆ.

ಬದುಕಿ ಬಂದವುಗಳಲ್ಲಿ ‘ಮೆಡ್‌ವೇ ಕ್ವೀನ್’ ಒಂದು. ೧೯೨೪ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈ ಉಗಿಹಡಗು, ಎರಡು ಪಕ್ಕೆಗಳಲ್ಲಿ ದೊಡ್ಡ ಚಕ್ರಗಳನ್ನು ತಿರುಗಿಸುತ್ತ, ರಜೆಯ ದಿನಗಳಲ್ಲಿ ಸಂಸಾರಸ್ಥರನ್ನು ಮೆಡ್‌ವೇ ನದಿಯ ಊರುಗಳಿಂದ ಸಮುದ್ರತೀರಕ್ಕೆ ಕರೆದೊಯ್ಯುತ್ತಿತ್ತು. ಯುದ್ಧ ಆರಂಭವಾದಾಗ ಮೊದಲು ಅದು ಹೊತ್ತದ್ದು ಊರು ಬಿಟ್ಟು ಹೊರಟ ಮಕ್ಕಳನ್ನು. ಮರುವರ್ಷ ಡಂಕರ್ಕಿಗೆ ಏಳು ಬಾರಿ ಹೋಗಿಬಂದು ಸುಮಾರು ಏಳು ಸಾವಿರ ಸೈನಿಕರನ್ನು ಉಳಿಸಿತು. ರಾತ್ರಿಯ ಕಡಲಿನಲ್ಲಿ ಅದರ ಚಕ್ರಗಳು ಎಬ್ಬಿಸಿದ ನೊರೆ ಮಿಣುಕಿ ಶತ್ರುವಿಮಾನಗಳಿಗೆ ದಾರಿ ತೋರಿಸುತ್ತಿತ್ತು. ನಾವಿಕರು ಮುಂಭಾಗದಲ್ಲಿ ಎಣ್ಣೆ ತೊಟ್ಟಿಕ್ಕುವ ಡಬ್ಬಿಗಳನ್ನು ಇಳಿಬಿಟ್ಟು ಆ ಮಿಣುಕನ್ನು ಅಡಗಿಸಿದರು. ಜೊತೆಯಲ್ಲಿದ್ದ ‘ಬ್ರೈಟನ್ ಬೆಲ್’ ಮುಳುಗತೊಡಗಿದಾಗ ಅದರಲ್ಲಿದ್ದವರನ್ನೂ ತನ್ನ ಮೇಲೆ ಏರಿಸಿಕೊಂಡಿತು.

ಯುದ್ಧ ಮುಗಿಯಿತು, ಜನ ಕಾರು ಕೊಂಡರು, ರಜೆಗೆ ಬೇರೆ ದಾರಿ ಹಿಡಿದರು. ೧೯೬೩ರಲ್ಲಿ ಮೆಡ್‌ವೇ ಕ್ವೀನ್ ಕೆಲಸದಿಂದ ನಿವೃತ್ತವಾಯಿತು. ಗುಜರಿಯವರ ಕೈಗೆ ಹೋಗಬೇಕಾಗಿದ್ದ ಅದು ಹೇಗೋ ಉಳಿದು, ವೈಟ್ ದ್ವೀಪದ ಮೆದಿನಾ ನದಿಯಲ್ಲಿ ಕುಣಿತ ಕುಡಿತಗಳ ಕ್ಲಬ್ಬಾಯಿತು. ಕೆಲವು ವರ್ಷಗಳಲ್ಲಿ ಅದರ ಜೊತೆಗೆ ಇನ್ನೊಂದು ನಾವೆ ಬಂದು ನಿಂತಿತು: ‘ರೈಡ್’. ಇದು ೧೯೩೭ರಲ್ಲಿ ನಿರ್ಮಿತವಾಗಿ, ಪೋರ್ಟ್ಸ್‌ಮತ್ ಮತ್ತು ರೈಡ್ ಊರುಗಳ ನಡುವೆ ಓಡಾಡಿಕೊಂಡಿದ್ದ ಅಪ್ಪಟ ಫೆರಿ. ಯುದ್ಧದಲ್ಲಿ ಸಿಡಿಗುಂಡುಗಳನ್ನು ಹೆಕ್ಕಿದ್ದು, ೧೯೪೪ರ ನಾರ್ಮಂಡಿ ದಾಳಿಯಲ್ಲಿ ಪಾಲುಗೊಂಡದ್ದು. ಈ ಎರಡರಲ್ಲಿ ಯಾವುದು ಹಿರಿದು ಎಂದು ತೂಗಿ ನೋಡುವುದು ಉಚಿತವಲ್ಲ. ಆದರೆ ಒಂದೇ ಕೆಸರಿನಲ್ಲಿ ನಿಂತ ಈ ಎರಡು ನಾವೆಗಳ ಗತಿ ಮಾತ್ರ ಬೇರೆ ಬೇರೆಯಾಯಿತು. ರೈಡ್ ಬೆಂಕಿಗೆ ತುತ್ತಾಯಿತು, ತುಕ್ಕು ತಿಂದಿತು. ೨೦೦೬ರಲ್ಲಿ ಅದರ ಹೊಗೆಕೊಳವೆಯೂ ಕುಸಿದುಬಿತ್ತು. ಮೆಡ್‌ವೇ ಕ್ವೀನನ್ನು ಮಾತ್ರ, ಅರ್ಧ ಮುಳುಗಿದ್ದ ಸ್ಥಿತಿಯಿಂದ ಎತ್ತಿ, ೧೯೮೪ರಲ್ಲಿ ತವರಿನ ನದಿಗೆ ತಂದರು.

ಭೇದವನ್ನುಂಟುಮಾಡಿದುದು ಯಾವುದು? ಪರಾಕ್ರಮವಲ್ಲ. ಡಂಕರ್ಕ್ ಎಂಬ ಹೆಸರಿಗೆ ಆ ದೇಶದಲ್ಲಿರುವ ಮಂತ್ರಶಕ್ತಿ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ವಾರದ ರಜೆಯ ದಿನ ಬಂದು ತುಕ್ಕು ಕೆರೆಯಲು ಸಿದ್ಧರಾದ ಕೆಲವು ಸಾಮಾನ್ಯರು. ಅವರು ೧೯೮೫ರಲ್ಲಿ ಸಂಘ ಕಟ್ಟಿದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾದರು. ಕೊನೆಗೆ ಲಾಟರಿ ನಿಧಿಯ ಹಣ ದೊರೆತು, ಬ್ರಿಸ್ಟಲಿನಲ್ಲಿ ಹಡಗಿಗೆ ಹೊಸ ಒಡಲನ್ನೇ ಕಟ್ಟಬೇಕಾಯಿತು, ಹಳೆಯ ಪದ್ಧತಿಯಂತೆ ಕಬ್ಬಿಣದ ಹಾಳೆಗಳನ್ನು ರಿವೆಟ್ ಹೊಡೆದು ಜೋಡಿಸಿ. ೨೦೧೩ರಲ್ಲಿ ಅದು ಮೆಡ್‌ವೇ ನದಿಯ ಗಿಲ್ಲಿಂಗಂ ಕಟ್ಟೆಗೆ ಮರಳಿತು.

ಒಡಲು ಹೊಸದಾದ ಮೇಲೆ ಅದು ಹಳೆಯ ಹಡಗು ಹೇಗಾದೀತು ಎಂದು ತಾರ್ಕಿಕರು ಕೇಳಬಹುದು. ಯಂತ್ರ ಹಳೆಯದೇ ಇದೆ ಎಂಬ ಉತ್ತರ ನನಗೆ ಸಾಲದು. ಅಜ್ಜನ ಮನೆಯ ಸೂರನ್ನು ಮೊಮ್ಮಗ ಮತ್ತೆ ಹೊದಿಸಿದಾಗ ಹೆಂಚು ಹೊಸದಾಗುತ್ತದೆ, ಮನೆ ಹೊಸದಾಗುವುದಿಲ್ಲ; ಯಾಕೆಂದರೆ ಮನೆಯನ್ನು ಉಳಿಸಿದ್ದು ಹೆಂಚಲ್ಲ, ಹೊದಿಸಬೇಕೆಂಬ ಋಣಬುದ್ಧಿ. ಮರೆತೇಹೋಗುತ್ತಿದ್ದ ರಿವೆಟ್ ಹೊಡೆಯುವ ಕಸುಬನ್ನು ಕೆಲವು ತರುಣರು ಈ ನೆಪದಿಂದ ಕಲಿತರು. ಹಡಗಿನ ಜೊತೆಗೆ ಒಂದು ವಿದ್ಯೆಯೂ ದಡ ಸೇರಿತು.

ಎಲ್ಲ ನಾವೆಗಳನ್ನೂ ಉಳಿಸಲು ಸಾಧ್ಯವಿಲ್ಲ, ಉಳಿಸಬೇಕಾಗಿಯೂ ಇಲ್ಲ. ಆದರೆ ಯಾವುದು ಉಳಿಯಬೇಕೆಂಬುದನ್ನು ಗುಜರಿಯ ತಕ್ಕಡಿ ನಿರ್ಣಯಿಸುವುದಕ್ಕೆ ಮುಂಚೆ ಯಾರಾದರೂ ಒಮ್ಮೆ ಕೇಳಬೇಕಾಗುತ್ತದೆ: ಇದು ಯಾರನ್ನು ದಾಟಿಸಿತು? ಏಳು ಸಾವಿರ ಮನೆಗಳಿಗೆ ತಂದೆಯನ್ನೋ ಮಗನನ್ನೋ ಮರಳಿಸಿದ ನಾವೆಯ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳಲು ನಾಲ್ಕು ಜನ ಇದ್ದರು. ರೈಡಿನ ಪಾಲಿಗೆ ಅಷ್ಟು ಜನ ಕೂಡಿಬರಲಿಲ್ಲ.